ಹಲ್ಲಿಗೆ ಅಂಟು ಹಿಡಿಯುವ ಬಗೆ



ಬೀಜ, ಗೊಬ್ಬರ, ಮಣ್ಣು, ನೀರು ಇವುಗಳ ವಿಷಯವನ್ನೇ ಬರೆಯತಕ್ಕ ಗ್ರಾಮಸೇವಕನು ಹಲ್ಲಿನ ವಿಷಯಕ್ಕೆ ಏಕೆ ಕೈಹಾಕಿದನೆಂದು ನೀವು ಕೇಳಬಹುದು. ಕಾರಣ ಇಷ್ಟೆ. ಹಳ್ಳಿಗಳಲ್ಲಿ ಸುತ್ತುವಾಗ ಒಂದು ಮಾತು ಮನೆಮನೆಯಲ್ಲಿಯೂ ಕಿವಿಗೆ ಬೀಳುತ್ತದೆ. "ಹಲ್ಲಿಗೆ ಅಂಟು ಹಾಕಿಸುವುದೆಲ್ಲ ದಂಡ. ನಾಲ್ಕು ದಿನ ನಿಂತು ಉದುರಿಹೋಗುತ್ತದೆ. ಕೀಳಿಸಿಬಿಡುವುದೇ ವಾಸಿ." ಹೀಗೆ ಹೇಳಿ, ಇನ್ನೂ ಐವತ್ತು ವರ್ಷ ಅಗಿಯಬೇಕಾಗಿದ್ದ ಹಲ್ಲನ್ನು ಕೀಳಿಸಿ ಬರುವವರಿದ್ದಾರೆ. ಬಿದ್ದು ಮುಂಬಲ್ಲು ಮುರಿದುಕೊಂಡ ಹುಡುಗ ಬಾಯಿಗೆ ಕೈ ಅಡ್ಡವಿಟ್ಟು ಮಾತಾಡುವುದನ್ನು ನೋಡಿಯೂ, ಉಪಾಯವಿಲ್ಲವೆಂದು ಸುಮ್ಮನಿರುವ ತಂದೆತಾಯಿಗಳಿದ್ದಾರೆ.

ನಾನು ಕೃಷಿ ಡಿಪ್ಲೊಮಾ ಓದಿದವನು, ದಂತವೈದ್ಯನಲ್ಲ. ಆದರೂ ಈ ವಿಷಯದಲ್ಲಿ ರೈತನಿಗೆ ತಿಳಿಯದ್ದು ಬಹಳವಿಲ್ಲ. ಕಸಿ ಕಟ್ಟಿದವನಿಗೆ, ಗೋಡೆಗೆ ಗಾರೆ ಬಳಿಸಿದವನಿಗೆ ಇದರ ಒಳಗುಟ್ಟು ಸುಲಭವಾಗಿ ತಿಳಿಯುತ್ತದೆ. ಆ ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಹಲ್ಲಿಗೆ ಹಾಕಿದ ಅಂಟು ನಿಲ್ಲುವುದು ಅಂಟಿನ ಬಲದಿಂದ ಮಾತ್ರವಲ್ಲ, ಅಂಟು ಕೂರುವ ಜಾಗವನ್ನು ಹದಮಾಡುವುದರಿಂದ. ಹದವಿಲ್ಲದ ಹೊಲದಲ್ಲಿ ಒಳ್ಳೆಯ ಬೀಜವೂ ಕೈಕೊಡುವಂತೆ, ಹದವಿಲ್ಲದ ಹಲ್ಲಿನ ಮೇಲೆ ಬೆಲೆಬಾಳುವ ಅಂಟೂ ಉದುರುತ್ತದೆ.

ಹಲ್ಲಿನ ಹೊರಕವಚ

ಹಲ್ಲಿನ ಮೇಲೆ ಹೊಳೆಯುವ ಬಿಳಿಯ ಪದರಕ್ಕೆ ಎನಾಮಲ್ ಎಂದು ಹೆಸರು. ನಮ್ಮ ದೇಹದಲ್ಲೆಲ್ಲ ಇದಕ್ಕಿಂತ ಗಟ್ಟಿಯಾದ ವಸ್ತು ಮತ್ತೊಂದಿಲ್ಲ. ಮೂಳೆಯೂ ಇದರ ಮುಂದೆ ಮೆದುವೇ. ತೂಕದಲ್ಲಿ ನೂರಕ್ಕೆ ಸುಮಾರು ೯೬ ಭಾಗ ಇದು ಖನಿಜ. ಉಳಿದದ್ದು ನೀರು ಮತ್ತು ಅತ್ಯಲ್ಪ ಜೈವಿಕ ವಸ್ತು. ಈ ಖನಿಜ ಯಾವುದೆಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಅದು ಸುಣ್ಣದಂಶವೂ ರಂಜಕವೂ ಕೂಡಿದ ಅಪಟೈಟ್ ಎಂಬ ಜಾತಿ. ಸೂಪರ್ ಫಾಸ್ಫೇಟ್ ಗೊಬ್ಬರ ಮಾಡಲು ಗಣಿಯಿಂದ ತೆಗೆಯುವ ಶಿಲಾರಂಜಕವೂ ಇದೇ ಜಾತಿಗೆ ಸೇರಿದ್ದು. ನಾವು ಹೊಲಕ್ಕೆ ಹಾಕುವ ಎಲುಬಿನ ಪುಡಿಯೂ ಇದೇ ಬಳಗ.

ಈ ಕವಚ ಕಣ್ಣಿಗೆ ನುಣ್ಣಗೆ ಒಂದೇ ಕಲ್ಲಿನಂತೆ ಕಂಡರೂ ಒಳಗೆ ಹಾಗಿಲ್ಲ. ಒತ್ತಾಗಿ ನಿಲ್ಲಿಸಿದ ಜೋಳದ ದಂಟಿನ ಕಟ್ಟಿನಂತೆ, ಸಣ್ಣ ಸಣ್ಣ ಸರಳುಗಳು ಒಂದರ ಪಕ್ಕದಲ್ಲೊಂದು ಕೂಡಿಕೊಂಡು ಈ ಪದರವಾಗಿದೆ. ಒಂದೊಂದು ಸರಳಿನ ದಪ್ಪ ಮಿಲಿಮೀಟರಿನ ಇನ್ನೂರರಲ್ಲಿ ಒಂದು ಭಾಗದಷ್ಟು. ತಲೆಗೂದಲು ಅದಕ್ಕಿಂತ ಹತ್ತುಪಟ್ಟಿಗೂ ಹೆಚ್ಚು ದಪ್ಪ.

ಇನ್ನೊಂದು ಸಂಗತಿಯನ್ನು ಎಲ್ಲರೂ ನೆನಪಿಡತಕ್ಕದ್ದು. ಎನಾಮಲನ್ನು ಕಟ್ಟುವ ಜೀವಕಣಗಳು ಹಲ್ಲು ಹುಟ್ಟಿ ಹೊರಗೆ ಬರುವಷ್ಟರಲ್ಲಿ ತೀರಿಹೋಗುತ್ತವೆ. ಮುರಿದ ಮೂಳೆ ಕೂಡುತ್ತದೆ, ಗಾಯವಾದ ಚರ್ಮ ಮಾಯುತ್ತದೆ; ಎನಾಮಲ್ ಮುರಿದರೆ ಮತ್ತೆ ಬೆಳೆಯುವುದಿಲ್ಲ. ಆದುದರಿಂದಲೇ ಹೊರಗಿನಿಂದ ತೇಪೆ ಹಾಕುವ ವಿದ್ಯೆ ಬೇಕಾಯಿತು.

ಆಮ್ಲದ ಕೆಲಸ

ಇಷ್ಟು ಗಟ್ಟಿಯಾದ, ಇಷ್ಟು ನುಣುಪಾದ, ಯಾವಾಗಲೂ ಎಂಜಲಿನಿಂದ ತೇವವಾಗಿರುವ ಕಲ್ಲಿಗೆ ಅಂಟು ಹತ್ತಿಸುವುದು ಹೇಗೆ? ಇದು ಬಹುಕಾಲ ದಂತವೈದ್ಯರನ್ನು ಕಾಡಿದ ಪ್ರಶ್ನೆ. ಹಿಂದೆ ಅವರು ಹಲ್ಲನ್ನು ಒಳಗೆ ಅಗಲವಾಗಿ, ಬಾಯಿ ಕಿರಿದಾಗಿ, ನಮ್ಮ ಹಗೇವಿನ ಆಕಾರದಲ್ಲಿ ಕೊರೆದು, ತುಂಬಿದ ವಸ್ತು ಹೊರಗೆ ಜಾರದಂತೆ ಮಾಡುತ್ತಿದ್ದರು. ಇದಕ್ಕಾಗಿ ಚೆನ್ನಾಗಿರುವ ಹಲ್ಲನ್ನೂ ಅಷ್ಟಿಷ್ಟು ಕೊರೆದು ಕಳೆಯಬೇಕಾಗುತ್ತಿತ್ತು.

ಅಮೆರಿಕದ ರೋಚೆಸ್ಟರ್ ನಗರದಲ್ಲಿದ್ದ ಮೈಕೆಲ್ ಬೂನೊಕೋರ್ ಎಂಬ ದಂತವಿಜ್ಞಾನಿ ೧೯೫೫ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಲೋಹದ ತಗಡಿಗೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆಮ್ಲದಿಂದ ತೊಳೆಯುವ ಪದ್ಧತಿ ಇತ್ತು. ಇದನ್ನೇ ಹಲ್ಲಿಗೆ ಮಾಡಿದರೆ ಹೇಗೆಂದು ಅವರು ಯೋಚಿಸಿದರು. ನೂರಕ್ಕೆ ೮೫ ಭಾಗದ ಆಮ್ಲವನ್ನು ೩೦ ಸೆಕೆಂಡು ಹಲ್ಲಿಗೆ ತಾಕಿಸಿ, ತೊಳೆದು, ಒಣಗಿಸಿ, ಅದರ ಮೇಲೆ ಅಕ್ರಿಲಿಕ್ ಅಂಟಿನ ಹನಿಯನ್ನು ಕೂರಿಸಿದರು. ಆಮ್ಲ ತಾಕಿಸದ ಹಲ್ಲಿನ ಮೇಲಿನ ಹನಿ ಬೇಗನೆ ಉದುರಿತು. ತಾಕಿಸಿದ ಹಲ್ಲಿನ ಮೇಲಿನದು ಅದಕ್ಕಿಂತ ಬಹುಪಾಲು ಹೆಚ್ಚುಕಾಲ ನಿಂತಿತು. ಇಂದು ಲೋಕದಲ್ಲೆಲ್ಲ ನಡೆಯುತ್ತಿರುವ ಪದ್ಧತಿಗೆ ಇದೇ ಮೊದಲು. ಈಗ ಬಳಸುವ ಆಮ್ಲ ಅಷ್ಟು ಖಾರವಲ್ಲ. ಸಾಮಾನ್ಯವಾಗಿ ನೂರಕ್ಕೆ ೩೭ ಭಾಗದ್ದು, ಅದೂ ೧೫ರಿಂದ ೩೦ ಸೆಕೆಂಡು ಮಾತ್ರ.

ಡಿ.ಎ.ಪಿ. ಗೊಬ್ಬರ ತಯಾರಾಗುವುದೂ ಇದೇ ಫಾಸ್ಫಾರಿಕ್ ಆಮ್ಲಕ್ಕೆ ಅಮೋನಿಯ ಕೂಡಿಸಿ. ಆದರೆ ಹಲ್ಲಿನ ಮೇಲೆ ಅದು ಮಾಡುವ ಕೆಲಸ ಬೇರೆ. ಮೇಲ್ಮೈಯಿಂದ ಮಿಲಿಮೀಟರಿನ ನೂರರಲ್ಲಿ ಒಂದು ಭಾಗದಷ್ಟನ್ನು ಕರಗಿಸುತ್ತದೆ. ಮೊದಲೇ ಹೇಳಿದ ಸರಳುಗಳಲ್ಲಿ ಕೆಲವು ಕಡೆ ನಡುಭಾಗ, ಕೆಲವು ಕಡೆ ಅಂಚು ಹೆಚ್ಚು ಕರಗಿ, ಲಕ್ಷಾಂತರ ಸೂಕ್ಷ್ಮ ಗುಳಿಗಳು ತೆರೆದುಕೊಳ್ಳುತ್ತವೆ. ಒಣಗಿಸಿದಾಗ ಆ ಭಾಗ ಹೊಳಪು ಕಳೆದುಕೊಂಡು ಸುಣ್ಣ ಬಳಿದಂತೆ ಮಾಸಲು ಬಿಳಿಯಾಗಿ ಕಾಣುತ್ತದೆ. ಹದ ಬಂದಿತೆಂಬುದಕ್ಕೆ ವೈದ್ಯರಿಗೆ ಅದೇ ಗುರುತು.

ಆಮೇಲೆ ನೀರಿನಂತೆ ತೆಳ್ಳಗಿರುವ ಅಂಟನ್ನು ಸವರುತ್ತಾರೆ. ಅದು ಗುಳಿಗಳೊಳಕ್ಕೆ ಇಳಿಯುತ್ತದೆ. ನೀಲಿ ಬೆಳಕನ್ನು ಹಾಯಿಸಿದೊಡನೆ ಅಲ್ಲಿಯೇ ಗಟ್ಟಿಯಾಗುತ್ತದೆ. ಬೇರು ಮಣ್ಣಿನ ಸಂದಿಗೆ ಇಳಿದು ಗಿಡವನ್ನು ಹಿಡಿದು ನಿಲ್ಲಿಸುವಂತೆ, ಈ ಅಂಟಿನ ಎಳೆಗಳು ಹಲ್ಲಿನೊಳಗೆ ಬೇರೂರುತ್ತವೆ. ಅದರ ಮೇಲೆ ಹಲ್ಲಿನ ಬಣ್ಣದ ತುಂಬುಪದಾರ್ಥವನ್ನು ಪದರಪದರವಾಗಿ ಕಟ್ಟುತ್ತಾರೆ. ನುಣ್ಣನೆಯ ಸಿಮೆಂಟ್ ಗೋಡೆಗೆ ಗಾರೆ ಬಳಿಯುವ ಮುಂಚೆ ಗಾರೆಯವನು ಉಳಿಯಿಂದ ಕಚ್ಚು ಹಾಕುವುದನ್ನು ನೋಡಿದ್ದೀರಷ್ಟೆ? ಇದೂ ಅದೇ ಕೆಲಸ. ಉಳಿಯ ಬದಲು ಆಮ್ಲ, ಗಾರೆಯ ಬದಲು ರಾಳ.

ಹಿಡಿತವನ್ನು ಅಳೆಯುವ ಬಗೆ

ಯಾವ ಅಂಟು ಎಷ್ಟು ಬಲವಾಗಿ ಹಿಡಿಯುತ್ತದೆ ಎಂಬುದನ್ನು ಬಾಯಿಮಾತಿನಿಂದ ತೀರ್ಮಾನಿಸುವುದಿಲ್ಲ, ಅಳೆದು ನೋಡುತ್ತಾರೆ. ಕಿತ್ತ ಹಲ್ಲುಗಳನ್ನು ಇದಕ್ಕೆ ಬಳಸುತ್ತಾರೆ. ಅವು ಸಾಕಷ್ಟು ಸಿಗದಿದ್ದರೆ ದನದ ಕೆಳದವಡೆಯ ಮುಂಬಲ್ಲನ್ನು ಉಪಯೋಗಿಸುವುದೂ ಉಂಟು. ದನಕ್ಕೆ ಮೇಲ್ದವಡೆಯಲ್ಲಿ ಮುಂಬಲ್ಲಿಲ್ಲವೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಹಲ್ಲನ್ನು ಅಚ್ಚಿನಲ್ಲಿ ಕೂರಿಸಿ, ಮೇಲ್ಮೈಯನ್ನು ಸಮಮಾಡಿ, ಅಂಟು ಹಾಕಿ, ಅದರ ಮೇಲೆ ಸಣ್ಣ ಕಂಬದಂತೆ ತುಂಬುಪದಾರ್ಥವನ್ನು ನಿಲ್ಲಿಸುತ್ತಾರೆ. ದೇಹದ ಬಿಸಿಯಷ್ಟೇ, ಅಂದರೆ ೩೭ ಡಿಗ್ರಿ ಬೆಚ್ಚಗಿರುವ ನೀರಿನಲ್ಲಿ ೨೪ ಗಂಟೆ ಇಡುತ್ತಾರೆ. ಅನಂತರ ಯಂತ್ರದ ಅಲಗು ಆ ಕಂಬವನ್ನು ಬುಡದಲ್ಲಿ ಮೆಲ್ಲಗೆ ಒತ್ತುತ್ತದೆ. ಎಷ್ಟು ಒತ್ತಡಕ್ಕೆ ಕಿತ್ತುಬಂದಿತೋ ಅದನ್ನು ಅಂಟಿದ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಹಿಡಿತದ ಬಲ ಸಿಕ್ಕಿತು. ಇದರ ಅಳತೆಗೆ ಮೆಗಾಪಾಸ್ಕಲ್ ಎಂದು ಹೆಸರು.

ಆಮ್ಲದಿಂದ ಚೆನ್ನಾಗಿ ಹದಮಾಡಿದ ಎನಾಮಲ್ ಮೇಲೆ ಈ ಬಲ ಸಾಮಾನ್ಯವಾಗಿ ೨೦ ಮೆಗಾಪಾಸ್ಕಲಿನ ಆಸುಪಾಸಿನಲ್ಲಿರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳಬೇಕಾದರೆ ಒಂದು ಚದರ ಮಿಲಿಮೀಟರಿಗೆ ಸುಮಾರು ೨ ಕಿಲೋ ಭಾರ. ಉದ್ದ ೫, ಅಗಲ ೫ ಮಿಲಿಮೀಟರ್ ಇರುವ ತೇಪೆ, ಎಲ್ಲ ಕಡೆಯೂ ಸಮನಾಗಿ ಹಿಡಿದಿದ್ದರೆ, ಲೆಕ್ಕದ ಪ್ರಕಾರ ೫೦ ಕಿಲೋ ತಡೆಯಬೇಕು. ಅಂದರೆ ಒಂದು ಡಿ.ಎ.ಪಿ. ಮೂಟೆ! ಹಲ್ಲು ನೇರಮಾಡಲು ಅಂಟಿಸುವ ಲೋಹದ ಗುಂಡಿಗಳಿಗೆ ಇಷ್ಟು ಬೇಕಾಗಿಲ್ಲ; ೬ರಿಂದ ೮ ಮೆಗಾಪಾಸ್ಕಲ್ ಸಾಕೆಂದು ೧೯೭೫ರಲ್ಲಿ ರೆನಾಲ್ಡ್ಸ್ ಎಂಬ ತಜ್ಞರು ಬರೆದ ಲೆಕ್ಕವನ್ನು ಇಂದಿಗೂ ಆಧಾರವಾಗಿ ಹಿಡಿಯುತ್ತಾರೆ. ಕೆಲಸ ಮುಗಿದಮೇಲೆ ಆ ಗುಂಡಿಗಳನ್ನು ಹಲ್ಲಿಗೆ ಪೆಟ್ಟಾಗದಂತೆ ಕೀಳಬೇಕಾದ್ದರಿಂದ ಅವುಗಳ ಹಿಡಿತ ಅತಿಯಾಗಿಯೂ ಇರಬಾರದು.

ಆದರೆ ಅಂಕಿಯನ್ನು ಕಂಡೊಡನೆ ಮೋಸಹೋಗಬಾರದು. ನಮ್ಮ ಪ್ರಾತ್ಯಕ್ಷಿಕೆ ತಾಕುಗಳನ್ನೇ ನೆನಪುಮಾಡಿಕೊಳ್ಳಿರಿ. ಒಂದೇ ತಳಿ ಒಬ್ಬರ ಹೊಲದಲ್ಲಿ ೨೦ ಕ್ವಿಂಟಾಲ್ ಕೊಟ್ಟರೆ ಪಕ್ಕದ ಹೊಲದಲ್ಲಿ ೧೪ ಕೊಡುತ್ತದೆ. ಅಂಟಿನ ಪರೀಕ್ಷೆಯೂ ಹಾಗೆಯೇ. ಹಲ್ಲು ಯಾರದು, ಅಲಗು ಒತ್ತಿದ್ದು ಹೇಗೆ, ಅಂಟಿದ ಜಾಗ ಎಷ್ಟಗಲ, ಇವುಗಳ ಮೇಲೆ ಅಂಕಿ ಏರಿಳಿಯುತ್ತದೆ. ಜಾಗ ಚಿಕ್ಕದಾದಷ್ಟೂ ಅಂಕಿ ದೊಡ್ಡದಾಗಿ ಬರುತ್ತದೆ. ಗೇಣುದ್ದದ ಹಗ್ಗದಲ್ಲಿ ಸವೆದ ಎಳೆ ಇಲ್ಲದಿರಬಹುದು, ಬಾವಿಹಗ್ಗದಲ್ಲಿ ಎಲ್ಲಾದರೂ ಒಂದು ಇದ್ದೇ ಇರುತ್ತದೆ. ಅಂತೆಯೇ ದೊಡ್ಡ ತೇಪೆಯಲ್ಲಿ ಎಲ್ಲಾದರೂ ಒಂದು ಗುಳ್ಳೆ, ಒಂದು ಬಿರುಕು ಇರುವ ಸಂಭವ ಹೆಚ್ಚು. ಅಲ್ಲಿಂದಲೇ ಅದು ಬಿಡಲು ತೊಡಗುತ್ತದೆ. ಆದುದರಿಂದ ಬೇರೆ ಬೇರೆ ಕಡೆ ಬಂದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೂಗುವುದು ಸರಿಯಲ್ಲ. ಒಂದೇ ಕಡೆ, ಒಂದೇ ರೀತಿ ನಡೆಸಿದ ಪರೀಕ್ಷೆಯೊಳಗಿನ ಹೋಲಿಕೆ ಮಾತ್ರ ನಂಬತಕ್ಕದ್ದು.

ಬಾಯಿಯೊಳಗಿನ ಬಾಳು ಪ್ರಯೋಗಶಾಲೆಯದಕ್ಕಿಂತ ಕಠಿಣ. ಬಿಸಿ ಕಾಫಿ ಕುಡಿದು ಮಡಕೆಯ ತಣ್ಣೀರು ಕುಡಿಯುತ್ತೇವೆ. ಹಲ್ಲೂ ತೇಪೆಯೂ ಒಂದೇ ಸಮನೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಇದನ್ನು ಪರೀಕ್ಷಿಸಲು ೫ ಡಿಗ್ರಿ ತಣ್ಣೀರಿಗೂ ೫೫ ಡಿಗ್ರಿ ಬಿಸಿನೀರಿಗೂ ನೂರಾರು ಸಲ ಅದ್ದಿ ತೆಗೆದು, ಆಮೇಲೆ ಹಿಡಿತವನ್ನು ಅಳೆಯುವ ಕ್ರಮವೂ ಇದೆ.

ಹಿಡಿತ ಕೆಡುವುದು ಎಲ್ಲಿ?

ಹಾಗಾದರೆ ನಾಲ್ಕೇ ದಿನಕ್ಕೆ ಏಕೆ ಉದುರುತ್ತದೆ? ಮುಖ್ಯವಾದ ಕಾರಣಗಳು ಇವು.

ಮೊದಲನೆಯದು ಎಂಜಲು. ಆಮ್ಲದಿಂದ ಹದಮಾಡಿದ ಹಲ್ಲಿಗೆ ಕ್ಷಣಕಾಲ ಎಂಜಲು ತಾಕಿದರೂ ಅದರಲ್ಲಿರುವ ಲೋಳೆ ಗುಳಿಗಳನ್ನು ಮುಚ್ಚುತ್ತದೆ. ಮಾವಿನ ಕಸಿಯಲ್ಲಿ ಕೊಯ್ದ ಬಾಯಿಗೆ ಕೊಳೆ ತಾಕಿದರೆ, ಮಳೆನೀರು ಇಳಿದರೆ ಕಸಿ ಕೂಡುವುದಿಲ್ಲ. ಇಲ್ಲಿಯೂ ಅದೇ ನಿಯಮ. ವೈದ್ಯರು ಕೆನ್ನೆಯ ಒಳಗೆ ಹತ್ತಿ ಇಡುವುದು, ರಬ್ಬರಿನ ಹಾಳೆ ಕಟ್ಟುವುದು, ನಾಲಗೆ ಆಡಿಸಬೇಡಿರೆಂದು ಹೇಳುವುದು ಇದಕ್ಕಾಗಿಯೇ.

ಎರಡನೆಯದು ಕುಗ್ಗುವಿಕೆ. ತುಂಬುಪದಾರ್ಥ ಗಟ್ಟಿಯಾಗುವಾಗ ನೂರಕ್ಕೆ ಎರಡು ಮೂರು ಭಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಕುಗ್ಗಿ ಬಿರುಕುಬಿಡುವಂತೆ, ಅದು ಹಲ್ಲಿನ ಗೋಡೆಯಿಂದ ಬಿಟ್ಟುಕೊಳ್ಳಲು ಎಳೆಯುತ್ತದೆ. ಹಿಡಿತ ಬಲವಾಗಿದ್ದರೆ ತಡೆಯುತ್ತದೆ. ಇಲ್ಲವಾದರೆ ಸಂದಿಯಾಗಿ, ಸಂದಿಯಲ್ಲಿ ಹುಳುಕು ಸೇರುತ್ತದೆ. ಒಮ್ಮೆಗೇ ತುಂಬದೆ ಪದರಪದರವಾಗಿ ಕಟ್ಟುವುದು ಈ ಎಳೆತವನ್ನು ಕಡಮೆ ಮಾಡಲು. ಆದುದರಿಂದ ವೈದ್ಯರು ಬೇಗ ಮುಗಿಸಲಿಲ್ಲವೆಂದು ಗೊಣಗಬಾರದು.

ಮೂರನೆಯದು ಲವಂಗದೆಣ್ಣೆ. ಹಲ್ಲುನೋವಿಗೆ ಲವಂಗದೆಣ್ಣೆ ಇಡುವುದು ನಮ್ಮಲ್ಲಿ ರೂಢಿ. ಅದರಲ್ಲಿರುವ ಯೂಜೆನಾಲ್ ಎಂಬ ಸಾರ ನೋವನ್ನು ಮಂಕುಮಾಡುತ್ತದೆ, ನಿಜ. ಆದರೆ ಅದೇ ಸಾರ ರಾಳದ ಅಂಟು ಗಟ್ಟಿಯಾಗುವುದನ್ನು ತಡೆಯುತ್ತದೆ. ಇಟ್ಟಿದ್ದರೆ ವೈದ್ಯರಿಗೆ ತಪ್ಪದೆ ಹೇಳತಕ್ಕದ್ದು. ಔಷಧದಿಂದ ಹಲ್ಲು ಬಿಳಿಮಾಡಿಸಿಕೊಂಡಿದ್ದರೂ ಹೇಳಬೇಕು. ಅದಾದ ಒಂದೆರಡು ವಾರ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ನಾಲ್ಕನೆಯದು ತಡಮಾಡುವುದು. ಎನಾಮಲಿನ ಒಳಗಿರುವ ಡೆಂಟಿನ್ ಎಂಬ ಪದರದಲ್ಲಿ ನೀರು ಹೆಚ್ಚು, ಖನಿಜ ಕಡಮೆ. ಅದಕ್ಕೂ ಅಂಟು ಹಿಡಿಸಬಹುದು. ಆದರೆ ಎನಾಮಲಿನಷ್ಟು ಸುಲಭವಾಗಿ ಅಲ್ಲ, ಅಷ್ಟು ಕಾಲ ನೆಚ್ಚುವಂತೆಯೂ ಅಲ್ಲ. ಹುಳುಕು ಚಿಕ್ಕದಿರುವಾಗ ಗುಳಿಯ ಸುತ್ತ ಎನಾಮಲಿನ ಅಂಚು ಇರುತ್ತದೆ, ತೇಪೆಗೆ ಭದ್ರವಾದ ಬದು ಸಿಗುತ್ತದೆ. ಬದು ಕೊಚ್ಚಿಹೋದ ಮೇಲೆ ಹೊಲಕ್ಕೆ ನೀರು ನಿಲ್ಲಿಸುವುದು ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ.

ಫ್ಲೋರೈಡ್ ನೀರಿನ ಊರುಗಳು

ನಮ್ಮ ರಾಜ್ಯದ ಬಯಲುಸೀಮೆಯವರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಮೊದಲಾದ ಕಡೆಗಳಲ್ಲಿ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಗ್ರಾನೈಟ್ ಜಾತಿಯ ಬಂಡೆಗಳಲ್ಲಿರುವ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೧ ಮಿಲಿಗ್ರಾಮಿನವರೆಗೆ ಇರಬಹುದು, ಬೇರೆ ನೀರು ಸಿಗದಿದ್ದಲ್ಲಿ ೧.೫ ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕದ ಮಿತಿ. ಅಲ್ಪ ಪ್ರಮಾಣದಲ್ಲಿ ಹಲ್ಲನ್ನು ಹುಳುಕಿನಿಂದ ಕಾಯುವ ಫ್ಲೋರೈಡ್, ಮಿತಿಮೀರಿದರೆ ಬೆಳೆಯುತ್ತಿರುವ ಹಲ್ಲನ್ನೇ ಕೆಡಿಸುತ್ತದೆ. ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಪಟ್ಟೆ, ಕಂದು ಕಲೆ, ಹೆಚ್ಚಾದರೆ ಗುಳಿ ಕಾಣಿಸುತ್ತವೆ. ಮದುವೆಯ ವಯಸ್ಸಿನ ಹುಡುಗಿಯರು ನಗುವುದಕ್ಕೇ ಹಿಂಜರಿಯುವಂತಾಗುತ್ತದೆ. ಇದು ಹಲ್ಲುಜ್ಜದ ಕೊಳೆಯಲ್ಲ, ಯಾರ ತಪ್ಪೂ ಅಲ್ಲ. ಹಲ್ಲು ಕಟ್ಟುವ ಕಾಲದಲ್ಲಿ ಕುಡಿದ ನೀರಿನ ಫಲ.

ಇಂಥ ಹಲ್ಲಿಗೆ ಅಂಟಿನ ತೇಪೆ ಹಾಕಿ ಕಲೆಯನ್ನು ಮುಚ್ಚಬಹುದು. ಆದರೆ ಇಲ್ಲೊಂದು ತೊಡಕಿದೆ. ಈ ಹಲ್ಲಿನ ತೀರ ಹೊರಪದರ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಅದರ ಕೆಳಗಿನದು ಜೊಳ್ಳಾಗಿರುತ್ತದೆ. ಮೇಲೆ ಗಟ್ಟಿ ಹೆಪ್ಪು, ಕೆಳಗೆ ಸಡಿಲ ಮಣ್ಣು ಎಂಬಂತೆ. ಸಾಮಾನ್ಯ ಹಲ್ಲಿಗೆ ಸಾಕಾಗುವಷ್ಟು ಹೊತ್ತು ಆಮ್ಲ ಇಟ್ಟರೆ ಇದರ ಮೇಲೆ ಗುಳಿಗಳು ಸರಿಯಾಗಿ ತೆರೆಯುವುದಿಲ್ಲ. ಫ್ಲೋರೈಡ್ ಬಾಧೆ ತೀವ್ರವಾದ ಹಲ್ಲುಗಳಲ್ಲಿ ಹಿಡಿತದ ಬಲ ಕಡಮೆಯಾಗಿರುವುದನ್ನು ಹಲವು ಪರೀಕ್ಷೆಗಳು ತೋರಿಸಿವೆ. ಆದುದರಿಂದ ವೈದ್ಯರು ಆಮ್ಲವನ್ನು ಹೆಚ್ಚು ಹೊತ್ತು ಇಡುವುದೋ, ಹೊರಪದರವನ್ನು ತುಸು ಉಜ್ಜಿ ತೆಗೆಯುವುದೋ ಮಾಡಬೇಕಾಗುತ್ತದೆ. ಪಟ್ಟಣದ ವೈದ್ಯರಿಗೆ ನಿಮ್ಮ ಊರಿನ ನೀರು ಎಂಥದೆಂದು ತಿಳಿದಿರಲಾರದು. ನೀವೇ ಹೇಳಬೇಕು. ಮಣ್ಣಿನ ಪರೀಕ್ಷೆಯಿಲ್ಲದೆ ಗೊಬ್ಬರ ಹಾಕಬಾರದೆಂದು ನಾವು ಹೇಳುವುದು ಹೇಗೋ ಇದೂ ಹಾಗೆಯೇ.

ನಾವು ಮಾಡತಕ್ಕದ್ದು

೧. ಮಗು ಬಿದ್ದು ಮುಂಬಲ್ಲು ಮುರಿದರೆ, ಮುರಿದ ಚೂರನ್ನು ಹುಡುಕಿ, ಒಣಗಲು ಬಿಡದೆ ಹಾಲಿನಲ್ಲಾಗಲಿ ಶುದ್ಧ ನೀರಿನಲ್ಲಾಗಲಿ ಹಾಕಿ, ಅಂದೇ ದಂತವೈದ್ಯರಲ್ಲಿಗೆ ಹೋಗಬೇಕು. ಅನೇಕ ವೇಳೆ ಅದೇ ಚೂರನ್ನು ಅದೇ ಜಾಗಕ್ಕೆ ಅಂಟಿಸಲು ಸಾಧ್ಯವಿದೆ.

೨. ಸುಮಾರು ಆರು ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಹೊಸ ದವಡೆಹಲ್ಲು ಬರುತ್ತದೆ. ಅದು ಉದುರುವ ಹಲ್ಲಲ್ಲ, ಬಾಳಿನುದ್ದಕ್ಕೂ ಇರತಕ್ಕ ಹಲ್ಲು. ಅದರ ಮೇಲಿನ ಸಂದುಗಳನ್ನು ಅಂಟುರಾಳದಿಂದ ಮುಚ್ಚಿ ಹುಳುಕನ್ನು ತಡೆಯುವ ಕ್ರಮವನ್ನು ೧೯೬೭ರಲ್ಲಿ ಕ್ವೆಟೊ ಎಂಬವರೂ ಬೂನೊಕೋರರೂ ಪ್ರಕಟಿಸಿದರು. ಇದು ನಿಮ್ಮ ಮಗುವಿಗೆ ಬೇಕೇ ಎಂದು ವೈದ್ಯರನ್ನು ಕೇಳಿರಿ.

೩. ಚಿಕಿತ್ಸೆಯ ಕಾಲದಲ್ಲಿ ಬಾಯಿ ಅಗಲವಾಗಿ ತೆರೆದು, ನಾಲಗೆ ಆಡಿಸದೆ ಕುಳಿತಿರಬೇಕು. ಆ ಕೆಲವು ನಿಮಿಷಗಳ ತಾಳ್ಮೆ ವರ್ಷಗಟ್ಟಲೆ ಫಲ ಕೊಡುತ್ತದೆ.

೪. ತೇಪೆ ಹಾಕಿಸಿದ ಮುಂಬಲ್ಲಿನಿಂದ ಕಬ್ಬು ಸಿಗಿಯುವುದು, ಅಡಿಕೆ ಒಡೆಯುವುದು, ಬಾಟಲಿಯ ಮುಚ್ಚಳ ತೆಗೆಯುವುದು, ದಾರ ಕಡಿಯುವುದು ಬೇಡ.

೫. ಇದ್ದಿಲು, ಇಟ್ಟಿಗೆಪುಡಿಗಳಿಂದ ಹಲ್ಲುಜ್ಜಿದರೆ ಎನಾಮಲ್ ಸವೆಯುತ್ತದೆ. ಸವೆದದ್ದು ಮರಳಿ ಬಾರದು. ಅಂಟಿಗೆ ಆಧಾರವೂ ಹೋಗುತ್ತದೆ.

೬. ಆಮ್ಲವೆಂದು ಕೇಳಿ ಮನೆಯಲ್ಲಿ ಯಾವ ಆಮ್ಲವನ್ನೂ ಹಲ್ಲಿಗೆ ಮುಟ್ಟಿಸಬಾರದು. ಚಪ್ಪಲಿ, ಪ್ಲಾಸ್ಟಿಕ್ ಅಂಟಿಸುವ ಅಂಗಡಿಯ ಅಂಟನ್ನು ಹಲ್ಲಿಗೆ ಹಾಕುವುದಂತೂ ಅಪಾಯ. ನಿಂಬೆ, ಹುಣಿಸೆಗಳಿಂದ ಉಜ್ಜಿದರೆ ಹಲ್ಲು ಕರಗುತ್ತದೆಯೇ ಹೊರತು ಗುಣವಾಗುವುದಿಲ್ಲ.

೭. ಊರಿನ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿರಿ. ಫ್ಲೋರೈಡ್ ಹೆಚ್ಚಿದ್ದರೆ, ಮುಖ್ಯವಾಗಿ ಎಂಟು ವರ್ಷದೊಳಗಿನ ಮಕ್ಕಳಿಗೆ, ಶುದ್ಧೀಕರಣ ಘಟಕದ ನೀರನ್ನೋ ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನೋ ಕುಡಿಯಲೂ ಅಡುಗೆಗೂ ಕೊಡಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆರಿ ಇನ್ನಷ್ಟು ಗಟ್ಟಿಯಾಗುತ್ತದೆ.

ಕೀಳಿಸುವುದು ಒಂದು ಗಳಿಗೆಯ ಕೆಲಸ. ಆದರೆ ಒಂದು ಹಲ್ಲು ಹೋದರೆ ಅಕ್ಕಪಕ್ಕದವು ವಾಲುತ್ತವೆ, ಎದುರಿನದು ಉದ್ದವಾಗುತ್ತದೆ, ಅಗಿಯುವುದು ಕಡಮೆಯಾಗುತ್ತದೆ. ಬದುವಿನಲ್ಲಿ ಒಂದು ಕಲ್ಲು ಜಾರಿದಾಗಲೇ ಕೂರಿಸುವವನು ಜಾಣ ರೈತ. ಹಲ್ಲಿನಲ್ಲಿ ಕಪ್ಪುಚುಕ್ಕೆ ಕಂಡಾಗ, ಅಂಚು ಮುರಿದಾಗ, ಎನಾಮಲ್ ಇನ್ನೂ ಉಳಿದಿರುವಾಗಲೇ ದಂತವೈದ್ಯರಿರುವ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿರಿ. ಹದಮಾಡಿದ ನೆಲದಲ್ಲಿ ಬೇರು ನಿಲ್ಲುತ್ತದೆ. ಹದಮಾಡಿದ ಹಲ್ಲಿನಲ್ಲಿ ಅಂಟು ನಿಲ್ಲುತ್ತದೆ.